ಓದುಗರ ಪ್ರಶ್ನೆ, ನಮ್ಮ ಉತ್ತರ: ಇಳಿಜಾರು, ಮಳೆ ಮತ್ತು ಸ್ಟುಡಿಯೋ ಪ್ರಾಜೆಕ್ಟ್

ಪ್ರಶ್ನೆ: ನಾನು ಬಿ.ಆರ್ಕ್. ಮೂರನೇ ವರ್ಷದ ವಿದ್ಯಾರ್ಥಿನಿ. ಸ್ಟುಡಿಯೋ ಪ್ರಾಜೆಕ್ಟಿಗೆ ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆ ಹತ್ತಿರದ 50 ಸೆಂಟ್ಸ್ ಜಾಗದಲ್ಲಿ ಯಕ್ಷಗಾನ ಕಲಿಕಾ ಕೇಂದ್ರ ಆರಿಸಿಕೊಂಡಿದ್ದೇನೆ. 40 ಮಕ್ಕಳು ಕಲಿಯಬೇಕು, 200 ಮಂದಿ ಕೂತು ಆಟ ನೋಡಬೇಕು. ಜಾಗ ರಸ್ತೆಯಿಂದ ಕೆಳಗಿನ ಗಡಿಗೆ ಸುಮಾರು 6 ಮೀಟರ್ ಇಳಿಯುತ್ತದೆ. ಚೆಂಡೆಯ ಆಕಾರ ಇಟ್ಟುಕೊಂಡು ವೃತ್ತಾಕಾರದ ಪ್ಲಾನ್ ಮಾಡಿದ್ದೆ. ರಿವ್ಯೂನಲ್ಲಿ "ಪ್ಲಾನ್ ಚಂದ ಇದೆ, ಆದರೆ ಕಟ್ಟಡ ನೆಲದಲ್ಲಿ ಕೂತಿಲ್ಲ" ಎಂದರು. ಎಲ್ಲಿಂದ ತಿದ್ದಲಿ?
– ಬದಿಯಡ್ಕದ ಓದುಗರು

ಉತ್ತರ: ಪ್ಲಾನನ್ನು ಸದ್ಯಕ್ಕೆ ಬದಿಗಿಡಿ. ರಸ್ತೆಯಿಂದ ಕೆಳಗಿನ ಗಡಿಯವರೆಗೆ ಒಂದೇ ಉದ್ದ ಸೆಕ್ಷನ್ ಅನ್ನು (ನೆಲ, ಕಟ್ಟಡವನ್ನು ಉದ್ದಕ್ಕೆ ಸೀಳಿ ಪಕ್ಕದಿಂದ ನೋಡಿದಂತೆ ಬಿಡಿಸುವ ನಕ್ಷೆ) 1:200ರಲ್ಲಿ ಕೈಯಲ್ಲೇ ಬಿಡಿಸಿ. ನಮ್ಮ ಗುಡ್ಡದ ಜಾಗಗಳಲ್ಲಿ ವಿನ್ಯಾಸ ಹುಟ್ಟುವುದು ಸೆಕ್ಷನ್‌ನಲ್ಲಿ. ಪ್ಲಾನ್ ಮೊದಲು ಮಾಡಿ ಆಮೇಲೆ ಸೆಕ್ಷನ್ ಕಡಿದರೆ ಎಲ್ಲ ಕೋಣೆಗಳೂ ಒಂದೇ ಮಟ್ಟದಲ್ಲಿ ನಿಂತುಬಿಡುತ್ತವೆ, ನೆಲ ಮಾತ್ರ ಕೆಳಗೆ ಜಾರಿ ಹೋಗಿರುತ್ತದೆ. ನಿಮಗೆ ಸಿಕ್ಕ ಟೀಕೆಯ ಅರ್ಥ ಇದೇ.

50 ಸೆಂಟ್ಸ್ ಅಂದರೆ ಸುಮಾರು 2,023 ಚದರ ಮೀಟರ್. ಜಾಗ ಚೌಕವಾಗಿದ್ದರೆ 45 ಮೀಟರ್ ಬದಿ. 45 ಮೀಟರಿಗೆ 6 ಮೀಟರ್ ಇಳಿತ, ಅಂದರೆ 1:7.5. ಇದರ ಮೇಲೆ 18 ಮೀಟರ್ ವ್ಯಾಸದ ವೃತ್ತವನ್ನು ಒಂದೇ ಮಟ್ಟದಲ್ಲಿ ಕೂರಿಸಿದರೆ ಒಂದು ತುದಿಯಿಂದ ಇನ್ನೊಂದಕ್ಕೆ 2.4 ಮೀಟರ್ ವ್ಯತ್ಯಾಸ ಬರುತ್ತದೆ. ಮೇಲೆ 1.2 ಮೀಟರ್ ಕಡಿಯಬೇಕು, ಕೆಳಗೆ ಅಷ್ಟೇ ಮಣ್ಣು ತುಂಬಬೇಕು. ತುಂಬಿದ ಮಣ್ಣು ಮಳೆಗಾಲದಲ್ಲಿ ಕುಸಿಯುತ್ತದೆ, ಮುರಕಲ್ಲಿನ (ಕೆಂಪುಕಲ್ಲಿನ) ಗೋಡೆ ಸರಿಯಾಗಿ ಆ ಕಡಿತ ಮತ್ತು ತುಂಬುವಿಕೆಯ ಗೆರೆಯಲ್ಲೇ ಬಿರುಕು ಬಿಡುತ್ತದೆ.

ಬದಲಿಗೆ ಮಟ್ಟಗಳನ್ನು 75 ಸೆಂ.ಮೀ.ನಂತೆ ಇಳಿಸಿ ನೋಡಿ. 75 ಸೆಂ.ಮೀ. ಎಂದರೆ 15 ಸೆಂ.ಮೀ.ನ ಐದು ಮೆಟ್ಟಿಲು. 1:12ರ ರ‍್ಯಾಂಪ್ ಆದರೆ ಸರಿಯಾಗಿ 9 ಮೀಟರ್. ನಡುವೆ ತಂಗುಕಟ್ಟೆ ಇಲ್ಲದೆ ರಾಷ್ಟ್ರೀಯ ಕಟ್ಟಡ ಸಂಹಿತೆ ಒಪ್ಪುವ ಗರಿಷ್ಠ ಉದ್ದವೂ ಅದೇ 9 ಮೀಟರ್. ನಿಮ್ಮ ಇಳಿಜಾರಿನಲ್ಲಿ 75 ಸೆಂ.ಮೀ. ಇಳಿಯಲು 5.6 ಮೀಟರ್ ಅಡ್ಡ ದೂರ ಬೇಕು. ಹೆಂಚಿನ ಮಾಡಿನ ಕೆಳಗೆ ಒಂದು ತರಗತಿಗೆ ಇದು ಒಳ್ಳೆಯ ಆಳ. ಹೀಗೆ ನೆಲ, ಮೆಟ್ಟಿಲು, ರ‍್ಯಾಂಪ್, ಕೋಣೆ ನಾಲ್ಕೂ ಒಂದೇ ಅಳತೆಗೆ ಒಗ್ಗುತ್ತವೆ. ತರಗತಿ, ಕಚೇರಿ, ವೇಷಭೂಷಣದ ಕೋಣೆಗಳನ್ನು ಕಾಂಟೂರಿಗೆ (ಒಂದೇ ಎತ್ತರದ ಬಿಂದುಗಳನ್ನು ಕೂಡಿಸುವ ಗೆರೆ) ಸಮಾನಾಂತರವಾಗಿ ಉದ್ದಕ್ಕೆ ಇಡಿ. ಎರಡು ಪಟ್ಟಿಗಳ ನಡುವಿನ ಐದು ಮೆಟ್ಟಿಲೇ ಜಗಲಿಯ ಅಂಚಾಗುತ್ತದೆ, ಮಕ್ಕಳು ಕೂರುವ ಜಾಗವೂ ಆಗುತ್ತದೆ.

ಅಭ್ಯಾಸದ ಸಭಾಂಗಣ ಮಾತ್ರ ದೊಡ್ಡ ಸಮತಟ್ಟು ಬೇಡುತ್ತದೆ. ತೆಂಕುತಿಟ್ಟಿನಲ್ಲಿ, ಅಂದರೆ ಯಕ್ಷಗಾನದ ಇಲ್ಲಿನ ಶೈಲಿಯಲ್ಲಿ, ದಿಗಿಣಗಳಿವೆ (ಹಾರಿ ಸುತ್ತುವ ಕುಣಿತ), ಆದ್ದರಿಂದ ಒಬ್ಬೊಬ್ಬರಿಗೂ 4 ಚದರ ಮೀಟರಿಗಿಂತ ಕಡಿಮೆ ಇಡಬೇಡಿ. 40 ಮಕ್ಕಳನ್ನು ಎರಡು ತಂಡ ಮಾಡಿದರೆ 20 ಮಂದಿಗೆ 80 ಚದರ ಮೀಟರ್. ಗುರುಗಳಿಗೂ ಹಿಮ್ಮೇಳಕ್ಕೂ ಸೇರಿಸಿ 9 ಮೀಟರ್ ಅಗಲ, 12 ಮೀಟರ್ ಉದ್ದ ಸಾಕು. 12 ಮೀಟರಿನ ಬದಿ ಕಾಂಟೂರಿನ ಉದ್ದಕ್ಕಿರಲಿ. ಆಗ 9 ಮೀಟರಿನ ಆಳಕ್ಕೆ ಇಳಿತ 1.2 ಮೀಟರ್. ಮೇಲುಭಾಗದಲ್ಲಿ 60 ಸೆಂ.ಮೀ. ಕಡಿಯಿರಿ, ಕೆಳಭಾಗದಲ್ಲಿ 60 ಸೆಂ.ಮೀ. ಪಂಚಾಂಗ (ಗೋಡೆಯ ಕೆಳಗಿನ ಅಡಿಕಟ್ಟು) ಎತ್ತರಿಸಿ, ಆದರೆ ಒಳಗೆ ಮಣ್ಣು ತುಂಬಬೇಡಿ. ಅಲ್ಲಿ ಮರದ ನೆಲ ಹಾಸಿ: 50×50 ಮಿ.ಮೀ. ರೀಪುಗಳು 40 ಸೆಂ.ಮೀ. ಅಂತರದಲ್ಲಿ, ಕೆಳಗೆ ರಬ್ಬರ್ ತುಂಡು, ಮೇಲೆ 20–25 ಮಿ.ಮೀ. ಹಲಗೆ. ಕಾಂಕ್ರೀಟಿನ ಮೇಲೆ ದಿನವೂ ದಿಗಿಣ ಹೊಡೆದರೆ ಮಕ್ಕಳ ಮೊಣಕಾಲು, ಹಿಮ್ಮಡಿ ಕೆಡುತ್ತವೆ. ಯಕ್ಷಗಾನ ಶಾಲೆಯೊಂದರಲ್ಲಿ ಇದಕ್ಕಿಂತ ಮುಖ್ಯವಾದ ವಿನ್ಯಾಸದ ನಿರ್ಧಾರ ಇನ್ನೊಂದಿಲ್ಲ. ಹಲಗೆಯ ಕೆಳಗೆ ಗಾಳಿಯಾಡಲು ಪಂಚಾಂಗದ ಎರಡೂ ಬದಿ ಜಾಲಂಧ್ರ ಬೇಕು, ಇಲ್ಲದಿದ್ದರೆ ಮೊದಲ ಮಳೆಗಾಲದಲ್ಲೇ ಬೂಷ್ಟು, ಮರುವರ್ಷ ಒರಲೆ. ಗೋಡೆಗೂ ಹಲಗೆಗೂ ನಡುವೆ 15 ಮಿ.ಮೀ. ಬಿಡಿ. ಮಳೆಗಾಲದಲ್ಲಿ ಮರ ಹಿಗ್ಗುತ್ತದೆ.

ಇನ್ನು ಚೆಂಡೆಯ ಆಕಾರ. ಅದನ್ನು ಕೈಬಿಡಿ ಎಂದೇ ಹೇಳುತ್ತೇನೆ. ಒಳಗೆ ನಿಂತವರಿಗೆ ಆ ಆಕಾರ ಕಾಣುವುದಿಲ್ಲ. ಮೇಲಾಗಿ ಒಳಬಾಗಿದ ಗೋಡೆ ಶಬ್ದವನ್ನು ಒಂದೆಡೆ ಕೂಡಿಸುತ್ತದೆ, ಒಂದು ಜಾಗದಲ್ಲಿ ಚೆಂಡೆ ಕಿವಿಗೆ ಬಡಿದರೆ ಪಕ್ಕದಲ್ಲೇ ಭಾಗವತರ ಪದ ಮಸುಕಾಗುತ್ತದೆ. ಶಬ್ದದ ಲೆಕ್ಕವನ್ನು ಶೀಟಿನಲ್ಲಿ ತೋರಿಸಿ. ಮಾರ್ದನಿ ನಿಲ್ಲುವ ಸಮಯ ಎಂದರೆ 0.16ನ್ನು ಕೋಣೆಯ ಘನ ಅಳತೆಯಿಂದ ಗುಣಿಸಿ, ಒಟ್ಟು ಹೀರುವಿಕೆಯಿಂದ ಭಾಗಿಸಿದ್ದು. 9×12×5 ಮೀಟರಿನ ಕೋಣೆ 540 ಘನ ಮೀಟರ್. ಎಲ್ಲವೂ ಗಾರೆ, ಟೈಲ್ಸ್ ಆದರೆ ಹೀರುವಿಕೆ ಬರೀ 13 ಚದರ ಮೀಟರ್ ಆಸುಪಾಸು, ಮಾರ್ದನಿ 6 ಸೆಕೆಂಡ್ ಮೀರುತ್ತದೆ. ಕೆಳಬದಿಯ 12 ಮೀಟರ್ ಉದ್ದಕ್ಕೆ 3 ಮೀಟರ್ ಎತ್ತರ ತೆರೆದಿಟ್ಟರೆ ಆ 36 ಚದರ ಮೀಟರಿನಿಂದ ಶಬ್ದ ಪೂರ್ತಿ ಹೊರಹೋಗುತ್ತದೆ, ಸಮಯ 2 ಸೆಕೆಂಡಿನ ಒಳಗೆ ಬರುತ್ತದೆ. ಹಿಂಗೋಡೆಗೆ 5 ಸೆಂ.ಮೀ. ಸಂದು ಬಿಟ್ಟು ತೆಂಗಿನ ನಾರಿನ ದಪ್ಪ ಚಾಪೆ ಹೊದಿಸಿದರೆ ಇನ್ನಷ್ಟು ಇಳಿಯುತ್ತದೆ. ಆದರೆ ತೆರೆದ ಬದಿ ನೆರೆಮನೆಯತ್ತ ಇರಬಾರದು. ದೂರ ಇಮ್ಮಡಿಯಾದಂತೆಲ್ಲ ಶಬ್ದ ಕಡಿಮೆಯಾಗುವುದು ಸುಮಾರು 6 ಡೆಸಿಬಲ್ ಮಾತ್ರ. 45 ಮೀಟರಿನ ಜಾಗದಲ್ಲಿ ದೂರವನ್ನೇ ನಂಬಿ ಕೂರಲಾಗದು.

ಆಟದ ಬಯಲನ್ನು ಕೆಳಗಿನ ಇಳಿಜಾರಿನಲ್ಲೇ ಇಡಿ. 90 ಸೆಂ.ಮೀ.ಗೆ ಒಂದು ಸಾಲು ಮಾಡಿದರೆ ನೆಲ ಅಗೆಯದೆಯೇ ಸಾಲಿಗೆ 12 ಸೆಂ.ಮೀ. ಇಳಿತ ಸಿಗುತ್ತದೆ. ಸಾಲುಗಳನ್ನು ಅರ್ಧ ಆಸನದಷ್ಟು ಸರಿಸಿದರೆ ಮುಂದಿನವರ ತಲೆ ಅಡ್ಡ ಬರುವುದಿಲ್ಲ. ಚಾಪೆಯಲ್ಲಿ ಕೂರುವವರಿಗೆ ತಲಾ 0.7 ಚದರ ಮೀಟರ್ ಹಿಡಿದರೆ 200 ಮಂದಿಗೆ 140, ಓಡಾಟಕ್ಕೆ ಇನ್ನೊಂದು 40. ಇಲ್ಲಿ ತಪ್ಪುವುದು ಒಂದೇ ಕಡೆ: ರಂಗಸ್ಥಳ ಅತಿ ಕೆಳಗಿದ್ದರೆ ಇಡೀ ಗುಡ್ಡದ ನೀರು ಅದರ ಮೇಲೆಯೇ ಬರುತ್ತದೆ. ಅತಿ ಕೆಳಗಿನ ಸಾಲಿಗೂ ರಂಗಸ್ಥಳಕ್ಕೂ ನಡುವೆ ಅಡ್ಡ ಕಣಿ ತೋಡಿ ಪಕ್ಕಕ್ಕೆ ತಿರುಗಿಸಿ. ಬಯಲಾಟ ದೀಪಾವಳಿಯ ಆಚೆ ಶುರುವಾಗಿ ಮೇ ಕೊನೆಯ ಪತ್ತನಾಜೆಗೆ ಮುಗಿಯುತ್ತದೆ, ಮಳೆಗಾಲಕ್ಕೆ ವೇಷವಿಲ್ಲದೆ ಕೂತು ನಡೆಸುವ ತಾಳಮದ್ದಳೆ. ಹಾಗಾಗಿ ಬಯಲಿಗೆ ಮಾಡು ಬೇಡ. ಆ ದುಡ್ಡು, ಆ ಶ್ರಮ ತಾಳಮದ್ದಳೆಗೆ ಒದಗುವ ಒಂದು ಚಾವಡಿಗೆ ಹೋಗಲಿ. ಅಭ್ಯಾಸದ ಸಭಾಂಗಣವೇ ಆ ಚಾವಡಿಯೂ ಆಗಬಹುದು.

ಚೌಕಿಯನ್ನು ವಿದ್ಯಾರ್ಥಿಗಳು 'ಗ್ರೀನ್ ರೂಮ್' ಎಂದು ಬರೆದು 3×4 ಮೀಟರಿನ ಡಬ್ಬಿ ಮಾಡಿಬಿಡುತ್ತಾರೆ. ವೇಷಧಾರಿಗಳು ಎರಡು ಸಾಲಿನಲ್ಲಿ ನೆಲದಲ್ಲೇ ಕೂತು ಬಣ್ಣ ಹಚ್ಚಿಕೊಳ್ಳುತ್ತಾರೆ. ಸಾಲಿಗೆ 1.5 ಮೀಟರ್, ನಡುವೆ ಓಡಾಟಕ್ಕೆ 1.5, ಒಟ್ಟು 4.5 ಮೀಟರ್ ಅಗಲ. ಒಬ್ಬರಿಗೆ ಒಂದು ಮೀಟರಿನಂತೆ 20 ಮಂದಿಗೆ 10 ಮೀಟರ್ ಉದ್ದ. ರಂಗಸ್ಥಳಕ್ಕೆ ಹೋಗುವ ಬಾಗಿಲು 2.1 ಮೀಟರ್ ಸಾಲದು. ಬಣ್ಣದ ವೇಷದ ಕಿರೀಟ ತಲೆ ತಗ್ಗಿಸದೆ ದಾಟಲು 2.7 ಮೀಟರ್ ಎತ್ತರ, 1.5 ಮೀಟರ್ ಅಗಲ ಕೊಡಿ. ದಾರಿಯಲ್ಲಿ ಮೆಟ್ಟಿಲು ಬೇಡ. ವೇಷದ ಪೆಟ್ಟಿಗೆಗಳ ಕೋಣೆ ನೈಋತ್ಯದ ಹೊರಗೋಡೆಗೆ ತಾಗದಿರಲಿ, ಆ ಗೋಡೆ ನಾಲ್ಕು ತಿಂಗಳು ಒದ್ದೆಯೇ.

ಪ್ರಶ್ನೆ: ಸರ್ವೆಗೆ ಟೋಟಲ್ ಸ್ಟೇಷನ್ (ಜಾಗದ ದೂರ, ಎತ್ತರ ಅಳೆಯುವ ಯಂತ್ರ) ಸಿಗುತ್ತಿಲ್ಲ. ಗೂಗಲ್ ಅರ್ತ್‌ನಿಂದ ಕಾಂಟೂರ್ ತೆಗೆದರೆ ಸಾಕೇ?
– ಮುಳ್ಳೇರಿಯದ ಓದುಗರು

ಉತ್ತರ: ಸಾಲದು. ಉಚಿತವಾಗಿ ಸಿಗುವ ಎತ್ತರದ ದತ್ತಾಂಶ ಹೆಚ್ಚಿನಂಶ 30 ಮೀಟರಿಗೊಂದು ಅಳತೆಯದ್ದು. 45 ಮೀಟರಿನ ಜಾಗಕ್ಕೆ ಒಂದೆರಡು ಬಿಂದು ಬೀಳುತ್ತವೆ, ಅದೂ ಅಡಿಕೆ ಮರದ ತುದಿಯ ಎತ್ತರವೋ ನೆಲದ್ದೋ ತಿಳಿಯುವುದಿಲ್ಲ. ನಡುವಿನ ಗೆರೆಗಳನ್ನು ಕಂಪ್ಯೂಟರ್ ಊಹಿಸಿ ಎಳೆಯುತ್ತದೆ. ಕಟ್ಟಪುಣಿ (ಗದ್ದೆಯ ಬದು), ಕಣಿ, ಮುರಕಲ್ಲಿನ ಏಣು ಯಾವುದೂ ಅದರಲ್ಲಿ ಇರುವುದಿಲ್ಲ.

ಮೇಸ್ತ್ರಿಗಳ ಲೆವೆಲ್ ಪೈಪ್ ತೆಗೆದುಕೊಳ್ಳಿ. 10–12 ಮಿ.ಮೀ.ನ ಪಾರದರ್ಶಕ ಪೈಪು, 20 ಮೀಟರ್ ಉದ್ದ, ಅಳತೆ ಗುರುತು ಮಾಡಿದ ಎರಡು ಕೋಲು, ಇಬ್ಬರು ಜನ. ಹಗ್ಗ ಹಿಡಿದು 5 ಮೀಟರಿನ ಚೌಕಗಳನ್ನು ಗುರುತಿಸಿ. 45 ಮೀಟರಿಗೆ ಬದಿಗೆ 10 ಗೂಟ, ಒಟ್ಟು 100 ಬಿಂದು. ಕದಲದ ಒಂದು ಗುರುತನ್ನು ಸೊನ್ನೆ ಎಂದಿಟ್ಟುಕೊಳ್ಳಿ, ರಸ್ತೆಯ ಮೋರಿಯ ಕಟ್ಟೆಯಾದರೆ ಒಳ್ಳೆಯದು. ಪೈಪಿನೊಳಗೆ ಗಾಳಿಗುಳ್ಳೆ ಉಳಿದರೆ ಎರಡು ತುದಿಯ ಮಟ್ಟ ಸುಳ್ಳಾಗುತ್ತದೆ. ನೀರು ತುಂಬಿದ ಮೇಲೆ ಎರಡೂ ತುದಿ ಒಟ್ಟಿಗೆ ಹಿಡಿದು ಒಂದೇ ಮಟ್ಟ ತೋರಿಸುತ್ತದೆಯೇ ನೋಡಿ. ಕೊನೆಯಲ್ಲಿ ಮೊದಲ ಬಿಂದುವಿಗೇ ಮರಳಿ ಬನ್ನಿ. 2–3 ಸೆಂ.ಮೀ. ತಪ್ಪಿದ್ದರೆ ಸ್ಟುಡಿಯೋಕ್ಕೆ ನಡೆಯುತ್ತದೆ, 20 ತಪ್ಪಿದ್ದರೆ ಪುನಃ ಅಳೆಯಿರಿ.

ಮಾದರಿ ಮಾಡುವಾಗಲೂ ಎಚ್ಚರ. 1:200ರಲ್ಲಿ ಒಂದು ಮೀಟರ್ ಎಂದರೆ 5 ಮಿ.ಮೀ. ಒಂದು ಮೀಟರಿನ ಕಾಂಟೂರಿಗೆ 5 ಮಿ.ಮೀ. ಫೋಮ್ ಬೋರ್ಡ್ ಸರಿ. ಅಂಗಡಿಯಲ್ಲಿ ಸಿಕ್ಕಿತೆಂದು 3 ಮಿ.ಮೀ. ಹಾಳೆ ಹಾಕಿದರೆ ನಿಮ್ಮ 6 ಮೀಟರಿನ ಗುಡ್ಡ 3.6 ಮೀಟರಿಗೆ ಕುಗ್ಗುತ್ತದೆ, ಅದರ ಮೇಲೆ ಕೂರಿಸಿದ ಕಟ್ಟಡವೂ ತಪ್ಪುತ್ತದೆ.

ಜಾಗ ಬಯಲಿನ ಬದಿಯಲ್ಲಿದ್ದರೆ ಇನ್ನೊಂದು ಕೆಲಸವಿದೆ. ದಾಖಲೆಯಲ್ಲಿ ಅದು 'ಪುರಯಿಡಂ' ಎಂದಿದೆಯೋ 'ನಿಲಂ' ಎಂದಿದೆಯೋ ನೋಡಿ. ಪುರಯಿಡಂ ಅಂದರೆ ಮನೆ ಕಟ್ಟುವ ಒಣಜಾಗ, ನಿಲಂ ಅಂದರೆ ಗದ್ದೆ. ಕೇರಳದ 2008ರ ಗದ್ದೆ ಮತ್ತು ಜೌಗುಭೂಮಿ ಸಂರಕ್ಷಣಾ ಕಾಯ್ದೆಯ ಕಾರಣ ಅಲ್ಲಿ ಮಣ್ಣು ತುಂಬಿ ಕಟ್ಟುವ ಪ್ರಸ್ತಾಪ ಜ್ಯೂರಿಯ (ಪ್ರಾಜೆಕ್ಟ್ ಪರೀಕ್ಷಿಸುವ ತೀರ್ಪುಗಾರರ) ಮೊದಲ ಪ್ರಶ್ನೆಗೇ ಬೀಳುತ್ತದೆ.

ಪ್ರಶ್ನೆ: ನಮ್ಮ ಗ್ರಂಥಾಲಯದ ವಿನ್ಯಾಸಕ್ಕೆ ನಡುವೆ 4×4 ಮೀಟರಿನ ಒಳ ಅಂಗಳ, ನಾಲ್ಕೂ ಕಡೆಯಿಂದ ಒಳಗೆ ಇಳಿಯುವ ಹೆಂಚಿನ ಮಾಡು ಇಟ್ಟಿದ್ದೇನೆ. ಎಲ್ಲ ಕಿಟಕಿಗೂ 60 ಸೆಂ.ಮೀ. ಸಜ್ಜಾ. ಏನಾದರೂ ತೊಂದರೆ ಇದೆಯೇ?
– ಮಂಜೇಶ್ವರದ ಓದುಗರು

ಉತ್ತರ: ಎರಡರಲ್ಲೂ ಇದೆ. ಒಳಗೆ ಇಳಿಯುವ ಮಾಡು ಒಟ್ಟು 100 ಚದರ ಮೀಟರ್ ಎಂದುಕೊಳ್ಳಿ. ಗಂಟೆಗೆ 100 ಮಿ.ಮೀ.ನಂತೆ ಮಳೆ ಹೊಡೆದರೆ ಗಂಟೆಗೆ 10,000 ಲೀಟರ್ ಅಂಗಳಕ್ಕೆ ಬೀಳುತ್ತದೆ, ಅಂಗಳದ ಮೇಲೆ ನೇರ ಸುರಿಯುವುದು ಇನ್ನೊಂದು 1,600. ಹಲಸಿನ ಎಲೆಯೊಂದು ನೀರಿನ ಬಾಯಿಗೆ ಕೂತರೆ ಗಂಟೆಯೊಳಗೆ ಅಂಗಳದಲ್ಲಿ 70 ಸೆಂ.ಮೀ. ನೀರು. ಅದು ನೇರ ಪುಸ್ತಕದ ಕಪಾಟಿಗೇ ಹೋಗುತ್ತದೆ. ಅಂಗಳವನ್ನು ಸುತ್ತಲಿನ ನೆಲಕ್ಕಿಂತ 45 ಸೆಂ.ಮೀ. ತಗ್ಗಿಸಿ, ಎದುರುಬದುರು ಮೂಲೆಯಲ್ಲಿ ಎರಡು ಹೊರದಾರಿ ಕೊಡಿ, ಅವುಗಳಿಗಿಂತ 20 ಸೆಂ.ಮೀ. ಮೇಲೆ ಮೂರನೆಯದೊಂದು ತುಂಬಿ ಹರಿಯುವ ದಾರಿ ಇಡಿ. ಇಷ್ಟು ಮಳೆಗೆ 100 ಮಿ.ಮೀ. ಪೈಪೊಂದು ಸುಮಾರು 40 ಚದರ ಮೀಟರ್ ಮಾಡಿನ ನೀರನ್ನಷ್ಟೇ ಸಾಗಿಸುತ್ತದೆ, ಆದ್ದರಿಂದ ಕೆಳಗೆ 150 ಮಿ.ಮೀ. ಹಾಕಿ. ಮಾಡಿನ ಇಳಿಜಾರು 25–30 ಡಿಗ್ರಿ ಇರಲಿ. ನಾಲ್ಕು ಒಳಮೂಲೆಗಳಲ್ಲಿ ಎರಡು ಮಾಡು ಕೂಡುವ ಕಡೆ ಹೆಂಚು ಕತ್ತರಿಸಿ ಕೂರಿಸುತ್ತಾರೆ, ಸೋರುವುದೂ ಅಲ್ಲೇ. ಆ ಜಾಗಕ್ಕೆ ನೀರು ಹರಿಯಲು ತಗಡಿನ ಅಗಲ ದೋಣಿ ಹಾಕಿ 1:10ರಲ್ಲಿ ಬಿಡಿಸಿ ತೋರಿಸಿ. ಹೊರಕ್ಕೆ ಇಳಿಯುವ ಸಾದಾ ಎರಡು ಮಾಡು, ಪಕ್ಕಕ್ಕೊಂದು ತೆರೆದ ಅಂಗಳ ಮಾಡಿದರೆ ಈ ಕಷ್ಟ ಅರ್ಧ ಇಳಿಯುತ್ತದೆ. ನನ್ನ ಒಲವು ಅತ್ತಲೇ.

ಸಜ್ಜಾ ವಿಷಯ: ಈ ಊರು 12.5 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸು. ಡಿಸೆಂಬರ್ 21ರ ನಡುಹಗಲು ಸೂರ್ಯ ದಕ್ಷಿಣದಲ್ಲಿ 54 ಡಿಗ್ರಿ ಎತ್ತರದಲ್ಲಿರುತ್ತಾನೆ. 1.5 ಮೀಟರ್ ಎತ್ತರದ ಕಿಟಕಿಗೆ ಪೂರ್ತಿ ನೆರಳು ಬೇಕಾದರೆ 1.1 ಮೀಟರ್ ಚಾಚಬೇಕು. ಜೂನ್ 21ಕ್ಕೆ ಸೂರ್ಯ ಉತ್ತರಕ್ಕೆ ಸರಿದಿರುತ್ತಾನೆ, ಆದರೆ 79 ಡಿಗ್ರಿ ಎತ್ತರದಲ್ಲಿ. ಆ ಬದಿಗೆ 30 ಸೆಂ.ಮೀ. ಸಾಕು. ಪಶ್ಚಿಮಕ್ಕೆ ಸಜ್ಜಾ ನಂಬಬೇಡಿ: ಮಾರ್ಚ್ 21ರ ಸಂಜೆ ಗಡಿಯಾರದಲ್ಲಿ ನಾಲ್ಕೂವರೆ ದಾಟಿದಾಗಿನ ಬಿಸಿಲು 29 ಡಿಗ್ರಿಯಲ್ಲಿ ಬರುತ್ತದೆ, ತಡೆಯಲು 2.7 ಮೀಟರ್ ಬೇಕು. ಅದು ಸಜ್ಜಾ ಅಲ್ಲ, ಒಂದು ಜಗಲಿ. ಪಶ್ಚಿಮಕ್ಕೆ ಜಗಲಿಯನ್ನೇ ಇಡಿ, ನೈಋತ್ಯದ ಇರಚಲಿಗೂ ಅದೇ ಮದ್ದು. ಪುಸ್ತಕದ ಕಪಾಟುಗಳು ಪೂರ್ವ, ಉತ್ತರದ ಕಡೆಗಿರಲಿ, ಗೋಡೆಯಿಂದ 10 ಸೆಂ.ಮೀ. ಬಿಟ್ಟು.

ಪ್ರಶ್ನೆ: ಬಿಟ್ಟುಹೋದ ಕೆಂಪುಕಲ್ಲಿನ ಕೋರೆಯಲ್ಲಿ ಬಯಲು ರಂಗಮಂದಿರ ಮಾಡುವ ಯೋಚನೆ ಒಳ್ಳೆಯದೇ?
– ಪೆರ್ಲದ ಓದುಗರು

ಉತ್ತರ: ಒಳ್ಳೆಯದೇ. ಯಂತ್ರ ಕೊಯ್ದ ಮೆಟ್ಟಿಲುಗಳೇ ಆಸನವಾಗುತ್ತವೆ, ಗೋಡೆ ಶಬ್ದ ತಡೆಯುತ್ತದೆ. ಆದರೆ 30×40 ಮೀಟರಿನ ಗುಂಡಿಗೆ 100 ಮಿ.ಮೀ. ಮಳೆ ಬಿದ್ದರೆ 1.2 ಲಕ್ಷ ಲೀಟರ್ ನೀರು. ಹೊರಹೋಗಲು ಇಳಿಜಾರಿನ ಬದಿಗೆ ಒಂದು ಸೀಳು ಇದೆಯೇ ಎಂದು ಮೊದಲು ನೋಡಿ. ಇಲ್ಲದಿದ್ದರೆ ಮಳೆಗಾಲದಲ್ಲಿ ಅದು ಕೆರೆಯಾಗುವುದನ್ನೇ ಒಪ್ಪಿಕೊಂಡು ವಿನ್ಯಾಸ ಮಾಡಿ, ಬೇಸಿಗೆಯಲ್ಲಷ್ಟೇ ರಂಗ. ಎರಡನೆಯದು, ಕೋರೆಯ ಗೋಡೆಯ ಬುಡದಲ್ಲಿ ಬಿಳಿ ಅಥವಾ ನಸುಗೆಂಪು ಶೇಡಿ ಮಣ್ಣು ಕಾಣಿಸಿದರೆ ಅಲ್ಲಿಗೆ ಮುರಕಲ್ಲು ಮುಗಿದಿದೆ. ನೀರು ಕುಡಿದ ಶೇಡಿ ಜಾರುತ್ತದೆ, ಮೇಲಿನ ಕಲ್ಲು ಕುಸಿಯುತ್ತದೆ. ಆ ಬದಿಯಲ್ಲಿ ಜನರನ್ನು ಕೂರಿಸಬೇಡಿ. ಮೇಲಂಚಿನ ಸುತ್ತ 1.2 ಮೀಟರ್ ಎತ್ತರದ ತಡೆ, ಹೊರಗಿನ ನೀರು ಒಳಗೆ ಬಾರದಂತೆ ಒಂದು ಕಣಿ, ಜನ ಹೊರಬರಲು ಕನಿಷ್ಠ ಎರಡು ದಾರಿ ಕಡ್ಡಾಯ.

ಪ್ರಶ್ನೆ: ಜ್ಯೂರಿಯಲ್ಲಿ ಮಾತೇ ಬರುವುದಿಲ್ಲ. ಶೀಟುಗಳನ್ನು ಹೇಗೆ ಜೋಡಿಸಲಿ?
– ಅಡೂರಿನ ಓದುಗರು

ಉತ್ತರ: ಮಾತಾಡುವ ಕ್ರಮದಲ್ಲೇ ಶೀಟುಗಳನ್ನು ಎಡದಿಂದ ಬಲಕ್ಕೆ ಅಂಟಿಸಿ: ಜಾಗ, ಉದ್ದ ಸೆಕ್ಷನ್, ಪ್ಲಾನ್, ಒಂದು ದೊಡ್ಡ ವಿವರ. ಸೆಕ್ಷನ್ ಕಣ್ಣಿನ ಮಟ್ಟಕ್ಕಿರಲಿ. ಕಡಿದ ನೆಲ ಮತ್ತು ಗೋಡೆಯ ಗೆರೆ 0.5 ಮಿ.ಮೀ., ಆಚೆ ಕಾಣುವುದು 0.18. ಎಲ್ಲವೂ ಒಂದೇ ದಪ್ಪವಾದರೆ ಎರಡು ಮೀಟರ್ ದೂರದಿಂದ ಬರೀ ಬೂದು ಬಣ್ಣ ಕಾಣುತ್ತದೆ. ಪ್ರಿಂಟಿಗೆ ಕೊಡುವ ಮೊದಲು ಎ1 ಶೀಟಿನ ಒಂದು ಮೂಲೆಯನ್ನು ಎ4ನಲ್ಲಿ ಅದೇ ಅಳತೆಗೆ ತೆಗೆದು ಗೋಡೆಗಂಟಿಸಿ ದೂರದಿಂದ ಓದಿ. 3ಡಿ ಚಿತ್ರ ಒಂದೆರಡು ಸಾಕು, ಅವೂ ಮಳೆಗಾಲದ ಬೆಳಕಿನಲ್ಲಿ, ಅಂಗಳದಲ್ಲಿ ನಿಂತವರ ಕಣ್ಣಿನ ಎತ್ತರದಿಂದ. ಮೊದಲ ವಾಕ್ಯ ಬಾಯಿಪಾಠ ಮಾಡಿಕೊಳ್ಳಿ. ಅದು ಜಾಗದ ಅಳತೆಯೇ ಆಗಿರಲಿ: ಇಷ್ಟು ಸೆಂಟ್ಸ್, ಇಷ್ಟು ಇಳಿತ, ನೀರು ಈ ಕಡೆಯಿಂದ ಬಂದು ಆ ಕಡೆ ಹೋಗುತ್ತದೆ. ಅಲ್ಲಿಂದ ಮುಂದಕ್ಕೆ ಸೆಕ್ಷನ್ ಮೇಲೆ ಬೆರಳಿಟ್ಟು, ರಸ್ತೆಯಿಂದ ಒಬ್ಬ ಮಗು ಒಳಬರುವ ದಾರಿಯನ್ನು ಹೇಳುತ್ತಾ ಹೋಗಿ.