ಓದುಗರ ಪ್ರಶ್ನೆ: ಕಾಲಿಲ್ಲದೆ ನಡೆದ ಮನೆ ಯಾವುದು?

ಪ್ರಶ್ನೆ: ನಮ್ಮ ಪ್ರೌಢಶಾಲೆಯ ಮಕ್ಕಳನ್ನು ಪ್ರತಿ ವರ್ಷ ಶ್ರೀರಂಗಪಟ್ಟಣಕ್ಕೆ ಕರೆದೊಯ್ಯುತ್ತೇವೆ. ವಿವರಣೆಗೆ ತಲೆಯಾಡಿಸಿ, ಫೋಟೊ ತೆಗೆಸಿಕೊಂಡು ಮರಳುವ ಅವರಿಗೆ ಮರುದಿನ ಹೆಚ್ಚೇನೂ ನೆನಪಿರುವುದಿಲ್ಲ. ಈ ಬಾರಿ ಒಗಟು ಬಿಡಿಸುತ್ತ ಊರು ಸುತ್ತುವ ಆಟವೊಂದನ್ನು ಏರ್ಪಡಿಸಬೇಕೆಂದಿದ್ದೇವೆ. ಒಗಟುಗಳನ್ನು ಹೇಗೆ ಕಟ್ಟಬೇಕು?
– ಶಿಕ್ಷಕಿ, ಮದ್ದೂರು

ಉತ್ತರ: ‘ಕಾಸಿನ ಕುದುರೆಗೆ ಬಾಲದ ಲಗಾಮು’ ಎಂಬ ಒಗಟನ್ನು ನೆನಪಿಸಿಕೊಳ್ಳಿ. ಅದು ಸೂಜಿದಾರದ ಹೆಸರೆತ್ತುವುದಿಲ್ಲ, ಚರಿತ್ರೆ ಹೇಳುವುದಿಲ್ಲ. ಕಣ್ಣಿಗೆ ಕಾಣುವ ಗುರುತನ್ನಷ್ಟೇ ಬೇರೆ ವೇಷದಲ್ಲಿ ಮುಂದಿಡುತ್ತದೆ. ನಿಮ್ಮ ಒಗಟುಗಳೂ ಹಾಗೆಯೇ ಇರಲಿ. ‘1784ರಲ್ಲಿ ಕಟ್ಟಿದ ಬೇಸಿಗೆ ಅರಮನೆ ಯಾವುದು?’ ಎಂದು ಕೇಳಿದರೆ ಅದು ಪರೀಕ್ಷೆಯ ಪ್ರಶ್ನೆಯಾಗುತ್ತದೆ, ಉತ್ತರ ಹೇಳಲು ಊರಿಗೆ ಬರುವ ಅಗತ್ಯವೇ ಇರುವುದಿಲ್ಲ. ಅದರ ಬದಲು, ‘ಸುತ್ತಲೂ ಯುದ್ಧ ನಡೆದಿದೆ, ನಾನು ಪಲ್ಲಕ್ಕಿಯಲ್ಲಿ ಕುಳಿತು ಬೆರಳು ಕಚ್ಚುತ್ತಿದ್ದೇನೆ’ ಎಂದು ಬರೆದುಕೊಡಿ. ಮಕ್ಕಳು ಆ ಅರಮನೆಯಾದ ದರಿಯಾ ದೌಲತ್ತಿನ ಪಶ್ಚಿಮ ಗೋಡೆಯ ಮುಂದೆ ನಿಂತು, 1780ರ ಪೊಳ್ಳಿಲೂರು ಕದನದ ಆ ದೊಡ್ಡ ಚಿತ್ರದಲ್ಲಿ ಆನೆ, ಕುದುರೆ, ಸಿಪಾಯಿಗಳ ನಡುವೆ ಬ್ರಿಟಿಷ್ ಸೇನಾನಿ ಕರ್ನಲ್ ಬೇಲಿಯನ್ನು ಹುಡುಕುವ ಹೊತ್ತಿಗೆ ಇಡೀ ಚಿತ್ರವನ್ನೇ ನೋಡಿ ಮುಗಿಸಿರುತ್ತಾರೆ. ಮುಂದಿನ ಸುಳಿವು ಅಲ್ಲಿಂದಲೇ ಹುಟ್ಟಲಿ: ಸೋತು ಸೆರೆಸಿಕ್ಕ ಆತ 1782ರಲ್ಲಿ ಇದೇ ಊರಿನಲ್ಲಿ ತೀರಿಕೊಂಡನು, ಕೋಟೆಯೊಳಗೆ ಅವನ ಹೆಸರು ಹೊತ್ತ ನೆಲಮಾಳಿಗೆಯೂ ಇದೆ. ಒಂದು ಉತ್ತರವೇ ಮತ್ತೊಂದರ ಬಾಗಿಲಾದರೆ ಆಟ ತಾನಾಗಿ ಸಾಗುತ್ತದೆ.

ಎಲ್ಲ ಒಗಟುಗಳೂ ಕಣ್ಣಿಗೇ ದಕ್ಕಬೇಕೆಂದಿಲ್ಲ; ಒಂದೆರಡನ್ನು ಊರಿನವರ ಬಾಯಿಂದ ಬಿಡಿಸುವಂತೆ ಇಡಿ. ‘ಒಡಹುಟ್ಟಿದವರೆಲ್ಲ ನಿಂತಲ್ಲೇ ನಿಂತರು, ಕಾಲಿಲ್ಲದ ನಾನೊಬ್ಬನೇ ನಡೆದೆ’ ಎಂಬುದಕ್ಕೆ ಟಿಪ್ಪುವಿನ ಕಾಲದಲ್ಲಿ ಸಿಡಿಮದ್ದು ಕೂಡಿಡುತ್ತಿದ್ದ ಮದ್ದಿನ ಮನೆಗಳಲ್ಲೊಂದು ಉತ್ತರ. ಜೋಡಿ ರೈಲು ಹಳಿಗೆ ಅಡ್ಡಬಂದ ಅದನ್ನು ಒಡೆಯದೆ, 2017ರಲ್ಲಿ ಇಡಿಯಾಗಿ ಎತ್ತಿ ಬೇರೆ ಜಾಗಕ್ಕೆ ಸರಿಸಲಾಯಿತು. ನಿಲ್ದಾಣದ ಬಳಿಯ ಅಂಗಡಿಯವರನ್ನು ಮಕ್ಕಳು ವಿಚಾರಿಸಿದರೆ, ಅದನ್ನು ಕಂಡವರೇ ಕತೆ ಹೇಳಬಹುದು. ನನಗಂತೂ ಫಲಕ ಓದುವುದಕ್ಕಿಂತ ಇದು ಹೆಚ್ಚು ಬೆಲೆಯುಳ್ಳ ಪಾಠವೆನಿಸುತ್ತದೆ.

ಪ್ರಶ್ನೆ: ಮೊಬೈಲ್ ಆ್ಯಪ್ ಬಳಸಿದರೆ ಹೆಚ್ಚು ಆಕರ್ಷಕವಾಗುವುದಿಲ್ಲವೇ?
– ಪೋಷಕರೊಬ್ಬರು, ಮೈಸೂರು

ಉತ್ತರ: ದೊಡ್ಡವರ ಗುಂಪಿಗಾದರೆ ಆಗಬಹುದು. ಮಕ್ಕಳ ಕೈಗೆ ಫೋನ್ ಕೊಟ್ಟರೆ ಉತ್ತರ ಗೋಡೆಯ ಮೇಲಲ್ಲ, ಗೂಗಲ್‌ನಲ್ಲಿ ಸಿಗುತ್ತದೆ. ಐದಾರು ಮಕ್ಕಳ ತಂಡಕ್ಕೆ ಒಂದು ಕಾಗದ, ಒಂದು ಪೆನ್ಸಿಲ್, ಜೊತೆಗೆ ಉತ್ತರ ಗೊತ್ತಿದ್ದೂ ಬಾಯಿಬಿಡದ ಒಬ್ಬ ದೊಡ್ಡವರು ಸಾಕು. ಮೂರನೆಯದು ಸಿಗುವುದೇ ಕಷ್ಟ.

ಪ್ರಶ್ನೆ: ಸುಳಿವಿನ ಚೀಟಿಗಳನ್ನು ಸ್ಮಾರಕಗಳ ಕಲ್ಲುಸಂದಿಯಲ್ಲಿ ಬಚ್ಚಿಡಬಹುದೇ?
– ಕಾಲೇಜು ವಿದ್ಯಾರ್ಥಿ, ಮಂಡ್ಯ

ಉತ್ತರ: ಖಂಡಿತ ಬೇಡ. ಇಂಗ್ಲೆಂಡಿನ ಡಾರ್ಟ್‌ಮೂರ್ ಬಯಲಿನಲ್ಲಿ 1854ರಿಂದಲೂ ಪೆಟ್ಟಿಗೆ ಬಚ್ಚಿಟ್ಟು ಹುಡುಕುವ ಆಟವಿದೆಯಾದರೂ, ಅಲ್ಲಿಯ ಬಂಡೆಗಳ ಮಾತು ಬೇರೆ, ಇಲ್ಲಿಯ ಗಾರೆಗೋಡೆಗಳ ಮಾತು ಬೇರೆ. ಚೀಟಿ ತುರುಕಲು ಒಬ್ಬ ಕಲ್ಲು ಸರಿಸಿದರೆ, ಹುಡುಕಲು ಬಂದ ಹತ್ತು ಜನ ಹತ್ತು ಕಲ್ಲು ಕೀಳುತ್ತಾರೆ. ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡುವುದು 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಯಂತೆ ಶಿಕ್ಷಾರ್ಹ ಅಪರಾಧವೂ ಹೌದು. ಚೀಟಿಗಳನ್ನು ಪರಿಚಯದ ಹೋಟೆಲಿನವರ, ಹೂವಾಡಗಿತ್ತಿಯರ ಕೈಯಲ್ಲಿ ಕೊಟ್ಟಿಡಿ. ಸರಿಯುತ್ತರ ಹೇಳಿದವರಿಗಷ್ಟೇ ಅವರು ಮುಂದಿನದನ್ನು ಕೊಡಲಿ. ಕಾವೇರಿಯ ಮೆಟ್ಟಿಲುಗಳ ಬಳಿ ಮಾತ್ರ ಯಾವ ಸುಳಿವನ್ನೂ ಇಡಬೇಡಿ; ಗೆಲ್ಲುವ ಆತುರದಲ್ಲಿ ಓಡಿಬರುವ ಮಕ್ಕಳಿಗೆ ಪಾಚಿ ಕಾಣುವುದಿಲ್ಲ.