ಎಂಡೋಸ್ಕೋಪಿಯಲ್ಲಿ ನೆಗೆಟಿವ್, ರಕ್ತದಲ್ಲಿ ಪಾಸಿಟಿವ್: ಯಾವುದನ್ನು ನಂಬೋದು?

ಪ್ರಶ್ನೆ: ನನಗೆ 43 ವರ್ಷ. ಮೂರು ತಿಂಗಳಿಂದ ಹೊಟ್ಟೆ ಉರಿ, ಮಧ್ಯರಾತ್ರಿ ನೋವಿನಿಂದ ಎಚ್ಚರ ಆಗುತ್ತದೆ. ಎಂಡೋಸ್ಕೋಪಿಯಲ್ಲಿ ಸಣ್ಣಕರುಳಿನ ಶುರುವಿನಲ್ಲೇ ಹುಣ್ಣು ಕಂಡಿತು, ಆದರೆ ಹುಣ್ಣು ತರುವ ಬ್ಯಾಕ್ಟೀರಿಯಾ ಎಚ್. ಪೈಲೋರಿ ನೆಗೆಟಿವ್. ಬೇರೆ ಲ್ಯಾಬಿನಲ್ಲಿ ರಕ್ತ ಕೊಟ್ಟರೆ ಪಾಸಿಟಿವ್! ಈಗ ಡಾಕ್ಟರು ಇನ್ನೊಂದು ಟೆಸ್ಟ್ ಮಾಡಿಸಿ ಅಂತಾರೆ. ಸುಮ್ನೆ ದುಡ್ಡು ದಂಡ ಅಲ್ವಾ? (ಒಂದೂವರೆ ತಿಂಗಳಿಂದ ದಿನಾ ಗ್ಯಾಸ್ ಮಾತ್ರೆ ತಗೊಳ್ತಿದ್ದೇನೆ.)
– ಓದುಗರು, ಶಿವಮೊಗ್ಗ

ಉತ್ತರ: ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಮಾತನ್ನು ಕಂಸದೊಳಗೆ ಹಾಕಿದ್ದೀರಿ. ಗೊಂದಲದ ಮೂಲ ಆ ಮಾತ್ರೆಯೇ ಇರಬಹುದು.

ಎಂಡೋಸ್ಕೋಪಿ ವೇಳೆ ಜಠರದ ಒಳಪದರದಿಂದ ಅಕ್ಕಿಕಾಳಿಗಿಂತ ಚಿಕ್ಕ ಚೂರು ಕಿತ್ತು, ಹಳದಿ ಜೆಲ್ ಇರುವ ಪುಟ್ಟ ಕಿಟ್‌ಗೆ ಹಾಕುತ್ತಾರೆ. ಜೆಲ್‌ನಲ್ಲಿ ಯೂರಿಯಾ ಇರುತ್ತದೆ. ಈ ಬ್ಯಾಕ್ಟೀರಿಯಾ ಯೂರಿಯಾವನ್ನು ಒಡೆದು ಅಮೋನಿಯಾ ಮಾಡುತ್ತದೆ, ಹೊಟ್ಟೆಯ ಆಮ್ಲದಲ್ಲಿ ಅದು ಬದುಕಿರುವುದೇ ಈ ಉಪಾಯದಿಂದ. ಅಮೋನಿಯಾ ಬಂದರೆ ಹಳದಿ ಹೋಗಿ ಗುಲಾಬಿ ಬಣ್ಣ ಬರುತ್ತದೆ. ಆದರೆ ಪ್ಯಾಂಟೊಪ್ರಜೋಲ್, ಒಮಿಪ್ರಜೋಲ್, ರಾಬಿಪ್ರಜೋಲ್ ತರದ ಗ್ಯಾಸ್ ಮಾತ್ರೆ ನುಂಗುತ್ತಿದ್ದರೆ ಬ್ಯಾಕ್ಟೀರಿಯಾ ಸಾಯುವುದಿಲ್ಲ, ಕಡಿಮೆಯಾಗುತ್ತದೆ, ಜಠರದ ಕೆಳಭಾಗ ಬಿಟ್ಟು ಮೇಲಕ್ಕೆ ಸರಿಯುತ್ತದೆ, ಚೂರು ಕಿತ್ತ ಜಾಗದಲ್ಲಿ ಸಿಗದೇ ಹೋಗಬಹುದು. ಹುಣ್ಣಿನಿಂದ ರಕ್ತ ಸೋರುತ್ತಿದ್ದಾಗಲೂ ಹೀಗೆಯೇ ಸುಳ್ಳು ನೆಗೆಟಿವ್ ಬರುವುದುಂಟು.

ಹಾಗಾದರೆ ರಕ್ತದ ರಿಪೋರ್ಟೇ ಸರಿ ಅಂತ ಹೊರಡಬೇಡಿ. ಅದು ಹುಡುಕುವುದು ಬ್ಯಾಕ್ಟೀರಿಯಾವನ್ನಲ್ಲ, ಅದರ ವಿರುದ್ಧ ನಿಮ್ಮ ದೇಹ ಮಾಡಿಕೊಂಡ ಆಂಟಿಬಾಡಿಯನ್ನು. ಸೋಂಕು ವಾಸಿಯಾದ ಮೇಲೂ ಆಂಟಿಬಾಡಿ ವರ್ಷಗಟ್ಟಲೆ ಉಳಿಯಬಹುದು.

ಹಾಗಾಗಿ ನಿಮ್ಮ ಡಾಕ್ಟರು ಹೇಳಿದ್ದು ಸರಿ, ಈ ಸಲ ದುಡ್ಡು ದಂಡ ಅಲ್ಲ. ಮತ್ತೆ ಪೈಪ್ ನುಂಗಬೇಕಿಲ್ಲ. ಉಸಿರಿನ ಪರೀಕ್ಷೆ ಇದೆ: ಖಾಲಿ ಹೊಟ್ಟೆಯಲ್ಲಿ ಹೋಗಿ ಒಮ್ಮೆ ಊದುತ್ತೀರಿ, ಗುರುತು ಹಾಕಿದ ಇಂಗಾಲವಿರುವ ಯೂರಿಯಾ ಕುಡಿಯುತ್ತೀರಿ, ಸುಮಾರು ಅರ್ಧ ಗಂಟೆ ಬಿಟ್ಟು ಮತ್ತೆ ಊದುತ್ತೀರಿ, ಒಳಗೆ ಬ್ಯಾಕ್ಟೀರಿಯಾ ಇದ್ದರೆ ಆ ಇಂಗಾಲ ಉಸಿರಿನಲ್ಲಿ ಜಾಸ್ತಿ ಬರುತ್ತದೆ. ನಿಮ್ಮೂರಿನಲ್ಲಿ ಸಿಗದಿದ್ದರೆ ಮಲದ ಆಂಟಿಜನ್ ಪರೀಕ್ಷೆ (ಮಲದಲ್ಲಿ ಬ್ಯಾಕ್ಟೀರಿಯಾದ ಅಂಶ ಹುಡುಕುವುದು) ಮಾಡಿಸಿ. ನಾಚಿಕೆ ಪಡುವವರೇ ಹೆಚ್ಚು, ಪರೀಕ್ಷೆ ಮಾತ್ರ ಒಳ್ಳೆಯದೇ.

ಎರಡಕ್ಕೂ ಮುಂಚೆ ಗ್ಯಾಸ್ ಮಾತ್ರೆ ಎರಡು ವಾರ, ಆಂಟಿಬಯಾಟಿಕ್ ಮತ್ತು ಬಿಸ್ಮತ್ (ಹೊಟ್ಟೆಗೆ ಕೊಡುವ ಒಂದು ಔಷಧಿ) ನಾಲ್ಕು ವಾರ ನಿಲ್ಲಿಸಿರಬೇಕು. ಡಾಕ್ಟರನ್ನು ಕೇಳಿಯೇ ನಿಲ್ಲಿಸಿ, ಅದರಲ್ಲೂ ಆಸ್ಪಿರಿನ್ ತಗೊಳ್ಳುವವರು. ಆ ಎರಡು ವಾರ ಉರಿ ತಡೆಯಲು ಸಾದಾ ಆಂಟಾಸಿಡ್ ಸಿರಪ್ ಸಾಕಾಗಬಹುದು. ಮಲ ಟಾರಿನಂತೆ ಕಪ್ಪಾದರೆ, ರಕ್ತವಾಂತಿಯಾದರೆ ಪರೀಕ್ಷೆ ಆಮೇಲೆ, ಮೊದಲು ಆಸ್ಪತ್ರೆಗೆ ಓಡಿ.

‘ಕಲ್ಚರ್ ಮಾಡಿಸಿದರೆ ಆಗಲ್ವಾ?’ ಅಂತ ಕೆಲವರು ಕೇಳುತ್ತಾರೆ. ಕಲ್ಚರ್ ಅಂದರೆ ಲ್ಯಾಬಿನ ಪ್ಲೇಟಿನಲ್ಲಿ ಬ್ಯಾಕ್ಟೀರಿಯಾ ಬೆಳೆಸಿ ನೋಡುವುದು. ಎಚ್. ಪೈಲೋರಿ ಬಲು ನಿಧಾನದ ಜೀವಿ. ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಇದನ್ನು ಕಂಡುಹಿಡಿದ ಡಾಕ್ಟರುಗಳಾದ ಬ್ಯಾರಿ ಮಾರ್ಷಲ್, ರಾಬಿನ್ ವಾರೆನ್ ಅವರ ಪ್ಲೇಟುಗಳನ್ನು ಎರಡೇ ದಿನಕ್ಕೆ ಎಸೆಯುತ್ತಿದ್ದರು, ಏನೂ ಬೆಳೆದಿರಲಿಲ್ಲ. 1982ರ ಈಸ್ಟರ್ ರಜೆಯಲ್ಲಿ ಪ್ಲೇಟು ಅಲ್ಲೇ ಉಳಿದುಹೋಯಿತು, ಬ್ಯಾಕ್ಟೀರಿಯಾ ಕಾಣಿಸಿತು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಇವತ್ತಿಗೂ ಔಷಧಿ ನಾಟದ ರೋಗಿಗಳಿಗೇ ಕಲ್ಚರ್ ಹೆಚ್ಚಾಗಿ ಬೇಕಾಗುವುದು.

ಇನ್ನೊಂದು ಮಾತು. ಮಂಡಿನೋವಿಗೆ, ತಲೆನೋವಿಗೆ ಮೆಡಿಕಲ್ ಶಾಪಿನಿಂದ ನೋವಿನ ಮಾತ್ರೆ ತಂದು ನುಂಗುತ್ತೀರಾ? ಅದನ್ನು ಬರೆದಿಲ್ಲ. ಎಚ್. ಪೈಲೋರಿ ಇಲ್ಲದೆಯೂ ಅವುಗಳಿಂದ ಹುಣ್ಣಾಗುತ್ತದೆ, ಡಾಕ್ಟರಿಗೆ ಮುಚ್ಚಿಡಬೇಡಿ.

ಪಾಸಿಟಿವ್ ಬಂದು ಆಂಟಿಬಯಾಟಿಕ್ ಕೋರ್ಸ್ ಮುಗಿಸಿದಿರಿ ಅನ್ನೋಣ. ನೋವು ಹೋದ ಮಾತ್ರಕ್ಕೆ ಬ್ಯಾಕ್ಟೀರಿಯಾ ಹೋಗಿದೆ ಅಂತಲ್ಲ. ಕನಿಷ್ಠ ನಾಲ್ಕು ವಾರ ಬಿಟ್ಟು ಉಸಿರು ಅಥವಾ ಮಲದ ಪರೀಕ್ಷೆ ಮತ್ತೆ ಮಾಡಿಸಿ. ಆಗಲೂ ಎರಡು ವಾರ ಮೊದಲೇ ಗ್ಯಾಸ್ ಮಾತ್ರೆ ಬಂದ್.