ಪಕ್ಕದ ಮನೆಯವರು ಡೇ ಕೇರ್ ನಡೆಸಲು ಅನುಮತಿ ಕೇಳಿದ್ದಾರೆ. ನಾನು ಆಕ್ಷೇಪಣೆ ಸಲ್ಲಿಸಬೇಕೇ?

ಹನ್ನೆರಡು ಮಕ್ಕಳ ಗದ್ದಲ, ಬೆಳಿಗ್ಗೆ ಸಂಜೆ ಬಂದು ನಿಲ್ಲುವ ಕಾರುಗಳು, ಮನೆಯ ಬೆಲೆ ಇಳಿಯಬಹುದೆಂಬ ಭಯ: ಈ ಮೂರನ್ನು ನೀವು ಬರೆದಿದ್ದೀರಿ. ರಾತ್ರಿ ಪಾಳಿಯ ಕೆಲಸವಾದ್ದರಿಂದ ಹಗಲಿನಲ್ಲಿ ಮಲಗುತ್ತೀರಿ ಎಂದೂ ಹೇಳಿದ್ದೀರಿ. ನಿವಾಸಿಗಳ ಸಂಘದ ಪದಾಧಿಕಾರಿಯಾಗಿ ಇಂತಹ ಅರ್ಜಿಗಳ ಅಹವಾಲು ಸಭೆಗಳಲ್ಲಿ ಭಾಗವಹಿಸಿದ ಅನುಭವದಿಂದ ಹೇಳುವುದಾದರೆ, ನೀವು ಖಂಡಿತ ಪತ್ರ ಬರೆಯಬೇಕು. ಆದರೆ ಅರ್ಜಿಯನ್ನು ತಿರಸ್ಕರಿಸಿ ಎಂದು ಕೇಳಬೇಡಿ, ಯಾವ ಷರತ್ತುಗಳ ಮೇಲೆ ಅನುಮತಿ ಕೊಡಬೇಕೆಂದು ಕೇಳಿ.

ಮೊದಲು ನಿಮ್ಮ ಊರಿನ ಆಡಳಿತಕ್ಕೆ ಈ ವಿಷಯದಲ್ಲಿ ಎಷ್ಟು ಅಧಿಕಾರವಿದೆ ಎಂಬುದನ್ನು ವಿಚಾರಿಸಿಕೊಳ್ಳಿ. ಹಲವೆಡೆ ಇದು ಎರಡು ಪ್ರತ್ಯೇಕ ಕಚೇರಿಗಳ ಕೆಲಸ. ಎಷ್ಟು ಮಕ್ಕಳಿಗೆ ಎಷ್ಟು ಆರೈಕೆದಾರರಿರಬೇಕು, ಅವರ ಹಿನ್ನೆಲೆ ಪರಿಶೀಲನೆಯಾಗಿದೆಯೇ, ಬೆಂಕಿ ಬಿದ್ದರೆ ಹೊರಬರುವ ದಾರಿಯಿದೆಯೇ ಎಂಬುದನ್ನು ಪರವಾನಗಿ ನೀಡುವ ಇಲಾಖೆ ನೋಡುತ್ತದೆ. ವಸತಿ ಪ್ರದೇಶದಲ್ಲಿ ಈ ಚಟುವಟಿಕೆ ಸಲ್ಲುತ್ತದೆಯೇ ಎಂಬುದನ್ನು ಮಾತ್ರ ಸ್ಥಳೀಯ ಯೋಜನಾ ವಿಭಾಗ ನೋಡುತ್ತದೆ. ಮಕ್ಕಳ ಸುರಕ್ಷತೆಯ ಬಗ್ಗೆ ಎರಡನೆಯ ಕಚೇರಿಯ ಮುಂದೆ ಎಷ್ಟು ವಾದಿಸಿದರೂ ಅದು ಕಡತಕ್ಕೆ ಸೇರುತ್ತದೆಯೇ ಹೊರತು ತೀರ್ಮಾನಕ್ಕೆ ಆಧಾರವಾಗುವುದಿಲ್ಲ. ಕೆಲವು ಕಡೆ ಈ ಎರಡನೆಯ ಹಂತವನ್ನೇ ಕಾನೂನು ತೆಗೆದುಹಾಕಿದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಗರಿಷ್ಠ 8 ಮಕ್ಕಳಿರುವ ಸಣ್ಣ ಗೃಹ ಡೇ ಕೇರ್ ಮತ್ತು ಗರಿಷ್ಠ 14 ಮಕ್ಕಳಿರುವ ದೊಡ್ಡ ಗೃಹ ಡೇ ಕೇರ್ ಎಂಬ ವಿಂಗಡಣೆಯಿದೆ. ದೊಡ್ಡದಕ್ಕೆ ತನ್ನ ಅನುಮತಿಯೂ ಬೇಕೆಂದು ನಗರಾಡಳಿತ ಮೊದಲು ಷರತ್ತು ಹಾಕಬಹುದಾಗಿತ್ತು. 2019ರಲ್ಲಿ ಅಂಗೀಕಾರವಾಗಿ 2020ರ ಜನವರಿ 1ರಿಂದ ಜಾರಿಗೆ ಬಂದ ಕಾನೂನು ಎರಡನ್ನೂ ವಸತಿ ಬಳಕೆಯೆಂದೇ ಪರಿಗಣಿಸಿತು. ರಾಜ್ಯದ ಪರವಾನಗಿ, ಅಗ್ನಿ ಸುರಕ್ಷತೆಯ ನಿಯಮಗಳು ಹಾಗೆಯೇ ಉಳಿದವು. ಮನೆಯಲ್ಲೇ ಮಕ್ಕಳನ್ನು ನೋಡಿಕೊಳ್ಳುವವರ ಆದಾಯ ಸಾಮಾನ್ಯವಾಗಿ ಕಡಿಮೆ. ಅರ್ಜಿ ಶುಲ್ಕ ಮತ್ತು ತಿಂಗಳುಗಟ್ಟಲೆ ನಡೆಯುವ ವಿಚಾರಣೆಯನ್ನು ಅವರಲ್ಲಿ ಹಲವರು ತಾಳಿಕೊಳ್ಳಲಾರರು ಎಂಬುದು ಇಂತಹ ಕಾನೂನುಗಳ ಹಿಂದಿನ ಒಂದು ಮುಖ್ಯ ಕಾರಣ.

ಇನ್ನು ಗದ್ದಲ. ಮಕ್ಕಳ ದನಿಯನ್ನು ಯಂತ್ರದ ಸದ್ದಿನಂತೆ ಡೆಸಿಬೆಲ್‌ನಲ್ಲಿ ಅಳೆದು ನಿಷೇಧಿಸುವುದು ಸರಿಯಲ್ಲ ಎಂಬ ನಿಲುವಿಗೆ ಬೇರೆ ಬೇರೆ ದೇಶಗಳ ಕಾನೂನುಗಳು ಬಂದಿವೆ, ನನಗೂ ಅದು ಸರಿಯೆನಿಸುತ್ತದೆ. ಜರ್ಮನಿ 2011ರಲ್ಲಿ ತನ್ನ ಪರಿಸರ ಕಾನೂನಿಗೆ ತಿದ್ದುಪಡಿ ತಂದು, ಶಿಶುಪಾಲನಾ ಕೇಂದ್ರ ಮತ್ತು ಆಟದ ಮೈದಾನಗಳಿಂದ ಬರುವ ಮಕ್ಕಳ ಸದ್ದನ್ನು ಸಾಮಾನ್ಯವಾಗಿ ಹಾನಿಕರ ಶಬ್ದವೆಂದು ಎಣಿಸಬಾರದು ಎಂದಿತು. ಟೋಕಿಯೋ 2015ರಲ್ಲಿ ಶಾಲೆಗೆ ಸೇರುವ ವಯಸ್ಸಾಗದ ಮಕ್ಕಳ ದನಿಯನ್ನು ಶಬ್ದದ ಸಂಖ್ಯಾಮಿತಿಯಿಂದ ಹೊರಗಿಟ್ಟಿತು, ಆದರೆ ನೆರೆಯವರು ಸಹಿಸಬಹುದಾದ ಮಿತಿಯನ್ನು ಸದ್ದು ಮೀರಿದೆಯೇ ಎಂದು ಸಂದರ್ಭ ನೋಡಿ ನಿರ್ಣಯಿಸುವ ಅವಕಾಶವನ್ನು ಉಳಿಸಿಕೊಂಡಿತು. ನಿಮ್ಮ ಪತ್ರಕ್ಕೆ ಆಧಾರವಾಗಬೇಕಾದದ್ದು ಇದೇ, ಸಂದರ್ಭ ನೋಡಿ ನಿರ್ಣಯಿಸಿ ಎಂಬ ಮಾತು. ಹಗಲಿನಲ್ಲಿ ಮಲಗುವವರು, ಹಾಸಿಗೆ ಹಿಡಿದ ಹಿರಿಯರು, ದೀರ್ಘ ಕಾಯಿಲೆಯಿಂದ ಮನೆಯಲ್ಲೇ ಇರುವವರು ಸಭೆಗಳಲ್ಲಿ ಹೆಚ್ಚಾಗಿ ಮಾತನಾಡುವುದೇ ಇಲ್ಲ. ಕಚೇರಿಗೆ ಹೋಗಿ ಸಂಜೆ ಮರಳುವ, ಆ ಸದ್ದು ಕಿವಿಗೇ ಬೀಳದ ಜನ ಅಲ್ಲಿ ದೊಡ್ಡ ದನಿಯಲ್ಲಿ ಮಾತನಾಡುತ್ತಾರೆ. ನಿಮ್ಮ ನಿದ್ದೆ ನಿಜವಾದ ಹಿತಾಸಕ್ತಿ. ನೀವು ಮಲಗುವ ಕೋಣೆ ಅವರ ಹಿತ್ತಲಿನ ಕಡೆಗಿದ್ದರೆ ಅದನ್ನು ನಕ್ಷೆಯ ಸಮೇತ ತಿಳಿಸಿ, ಹೊರಾಂಗಣದ ಆಟವನ್ನು ನಿರ್ದಿಷ್ಟ ಅವಧಿಗೆ ಸೀಮಿತಗೊಳಿಸಬೇಕೆಂದು, ಒಮ್ಮೆಗೆ ಹೊರಗೆ ಬಿಡುವ ಮಕ್ಕಳ ಸಂಖ್ಯೆಗೆ ಮಿತಿ ಹಾಕಬೇಕೆಂದು, ಆ ಬದಿಗೆ ಗಟ್ಟಿ ಬೇಲಿ ಕಟ್ಟಬೇಕೆಂದು ಕೇಳಿ.

ವಾಹನಗಳ ವಿಷಯದಲ್ಲಿ ಲೆಕ್ಕ ಮಾಡಿ ನೋಡುವುದು ಒಳ್ಳೆಯದು. ಹನ್ನೆರಡು ಮಕ್ಕಳಲ್ಲಿ ಕೆಲವರು ಅಣ್ಣತಮ್ಮ, ಅಕ್ಕತಂಗಿಯರಾಗಿದ್ದು ಹತ್ತು ಕುಟುಂಬಗಳೆಂದು ಇಟ್ಟುಕೊಳ್ಳೋಣ. ಏಳೂವರೆಯಿಂದ ಒಂಬತ್ತರೊಳಗೆ ಅವರೆಲ್ಲ ಬಂದರೆ ಸರಾಸರಿ ಒಂಬತ್ತು ನಿಮಿಷಕ್ಕೊಂದು ಕಾರು, ಅದನ್ನು ರಸ್ತೆ ತಾಳಿಕೊಳ್ಳುತ್ತದೆ. ತಂದೆಯೋ ತಾಯಿಯೋ ಒಳಗೆ ಹೋಗಿ ಮಗುವನ್ನು ಒಪ್ಪಿಸಿ, ಔಷಧಿಯ ವಿಷಯ ಹೇಳಿ, ಅಳುವ ಮಗುವನ್ನು ಸಮಾಧಾನಪಡಿಸಿ ಬರುವಷ್ಟು ಹೊತ್ತು ಆ ಕಾರು ಎಲ್ಲಿ ನಿಲ್ಲುತ್ತದೆ ಎಂಬುದರಲ್ಲಿ ತೊಂದರೆಯಿದೆ. ನಾನು ಕಂಡ ಜಗಳಗಳಲ್ಲಿ ಹೆಚ್ಚಿನವು ಹುಟ್ಟಿದ್ದು ನೆರೆಮನೆಯ ಗೇಟಿಗೆ ಅಡ್ಡಲಾಗಿ ನಿಂತ ಕಾರಿನಿಂದಲೇ. ಆದ್ದರಿಂದ ಕುಟುಂಬಗಳಿಗೆ ಬೇರೆ ಬೇರೆ ಸಮಯ ನಿಗದಿಪಡಿಸುವುದು, ಅರ್ಜಿದಾರರು ತಮ್ಮ ಸ್ವಂತ ವಾಹನವನ್ನು ಬೇರೆಡೆ ನಿಲ್ಲಿಸಿ ಮನೆಯ ಮುಂದಿನ ಜಾಗವನ್ನು ಪೋಷಕರಿಗೆ ಬಿಡುವುದು, ಗೇಟಿಗೆ ಅಡ್ಡ ನಿಲ್ಲಿಸಬಾರದೆಂಬ ನಿಯಮವನ್ನು ಪೋಷಕರ ಒಪ್ಪಂದ ಪತ್ರದಲ್ಲೇ ಸೇರಿಸುವುದು, ಇವು ಕೇಳಬಹುದಾದ ಷರತ್ತುಗಳು.

ಮನೆಯ ಬೆಲೆಯ ಮಾತನ್ನು ಬಿಟ್ಟುಬಿಡಿ. ಒಂದು ಮನೆಯ ಬೆಲೆ ಪಕ್ಕದ ಡೇ ಕೇರ್‌ನಿಂದಲೇ ಇಳಿಯಿತು ಎಂದು ತೋರಿಸುವುದು ಬಹಳ ಕಷ್ಟ, ಅದನ್ನು ಎತ್ತಿದರೆ ನಿಮ್ಮ ಉಳಿದ ಗಟ್ಟಿ ಮಾತುಗಳ ತೂಕವೂ ಕಡಿಮೆಯಾಗುತ್ತದೆ. ಆ ಮಕ್ಕಳು ಎಂತಹ ಮನೆಗಳಿಂದ ಬರುತ್ತಾರೆ ಎಂಬ ಮಾತನ್ನಂತೂ ಪತ್ರದಲ್ಲಿ ಸುಳಿಯಲು ಬಿಡಬೇಡಿ. ಸಭೆಗಳಲ್ಲಿ ಅದನ್ನು ಕೇಳಿ ನನಗೆ ತುಂಬ ನೋವಾಗಿದೆ. ಮನೆಯ ಹತ್ತಿರ, ತಮ್ಮ ಪಾಳಿಗೆ ಹೊಂದುವ ವೇಳೆಯಲ್ಲಿ, ಕೈಗೆಟಕುವ ಖರ್ಚಿನಲ್ಲಿ ಕೂಸನ್ನು ನೋಡಿಕೊಳ್ಳುವವರು ಸಿಗದೆ ಕೆಲಸ ಬಿಡುವ ತಾಯಂದಿರು ಎಲ್ಲ ಊರುಗಳಲ್ಲೂ ಇದ್ದಾರೆ. ನಿಮ್ಮಂತೆಯೇ ಪಾಳಿಯಲ್ಲಿ ದುಡಿಯುವವರಿಗೆ ದೊಡ್ಡ ಕೇಂದ್ರಗಳ ನಿಗದಿತ ವೇಳೆ ಹೊಂದುವುದು ವಿರಳ. ಇಂತಹ ಗೃಹ ಡೇ ಕೇರ್ ಇಲ್ಲದಿದ್ದರೆ ಅವರಿಗೆ ಬೇರೆ ದಾರಿಯೇ ಇರುವುದಿಲ್ಲ.

ಪತ್ರ ಬರೆಯುವ ಮೊದಲು ಒಮ್ಮೆ ಪಕ್ಕದ ಮನೆಗೆ ಹೋಗಿ ಬನ್ನಿ. ಅವರು ಒಪ್ಪಿದ್ದನ್ನು ಬರಹದಲ್ಲಿ ಪಡೆದು, ಅದನ್ನೇ ಅನುಮತಿಯ ಷರತ್ತಾಗಿ ಸೇರಿಸುವಂತೆ ಇಬ್ಬರೂ ಸೇರಿ ಕೇಳಿದರೆ ಅಧಿಕಾರಿಗಳು ಒಪ್ಪುವ ಸಾಧ್ಯತೆ ಹೆಚ್ಚು. ದೂರು ಹೇಳಲು ಒಂದು ಫೋನ್ ಸಂಖ್ಯೆ, ಒಂದು ವರ್ಷದ ನಂತರ ಮರುಪರಿಶೀಲನೆ, ಇವೆರಡನ್ನೂ ಸೇರಿಸಲು ಮರೆಯಬೇಡಿ. ಆಕ್ಷೇಪಣೆಯ ಕೊನೆಯ ದಿನಾಂಕ ದಾಟಿದ ಮೇಲೆ ಬಂದ ಪತ್ರವನ್ನು ಹಲವು ಕಚೇರಿಗಳು ಪರಿಗಣಿಸುವುದೇ ಇಲ್ಲ, ಹಾಗಾಗಿ ಮಾತುಕತೆ ಮುಗಿಯದಿದ್ದರೂ ಆ ದಿನದೊಳಗೆ ಪತ್ರ ಸಲ್ಲಿಸಿ ಸ್ವೀಕೃತಿ ಪಡೆದುಕೊಳ್ಳಿ.